ಪೆನ್‌ಡ್ರೈವ್ ನಕಲಿಯೇ? ತುಂಬಿಸಿ ನೋಡಿ, ಆಮೇಲೆ ದೂರು ಕೊಡಿ

ನಾನೂರು ರೂಪಾಯಿಗೆ 1 ಟಿಬಿ ಪೆನ್‌ಡ್ರೈವ್ ಸಿಗುತ್ತದೆಂದರೆ ಅನುಮಾನ ಪಡಲೇಬೇಕು. ಇಂಥವುಗಳ ಒಳಗಿನ ಚಿಪ್ ಎಷ್ಟೋ ಸಲ ಹತ್ತಿಪ್ಪತ್ತು ಜಿಬಿಯದು. ಕಂಪ್ಯೂಟರಿಗೆ ಸುಳ್ಳು ಅಳತೆ ಹೇಳುವಂತೆ ಅದರ ಕಂಟ್ರೋಲರನ್ನು ತಿದ್ದಿರುತ್ತಾರೆ. ಹಾಗಾಗಿ ‘ಪ್ರಾಪರ್ಟೀಸ್’ ತೆರೆದರೆ ಕಾಣುವುದೂ ಅದೇ ಸುಳ್ಳು. ನಿಜವಾದ ಜಾಗ ಮುಗಿದ ಮೇಲೂ ಕಾಪಿ ನಡೆಯುತ್ತಲೇ ಇರುತ್ತದೆ, ಫೈಲಿನ ಹೆಸರೂ ಕಾಣಿಸುತ್ತದೆ. ಮದುವೆಯ ವಿಡಿಯೊ ತೆರೆಯಲು ಹೋದಾಗಲೇ ಬಣ್ಣ ಬಯಲು. ಅಷ್ಟರಲ್ಲಿ ವಾಪಸಾತಿಯ ಗಡುವು ಮುಗಿದಿರುತ್ತದೆ.

ಆದ್ದರಿಂದ ಕೊಂಡ ದಿನವೇ, ಒಳಗೆ ಏನನ್ನೂ ಹಾಕುವ ಮೊದಲು ಪರೀಕ್ಷಿಸಿ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ಗೆ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಡ್ರೈವನ್ನು ಪೂರ್ತಿ ತುಂಬಿಸಿ, ಬರೆದದ್ದನ್ನು ಮರಳಿ ಓದಿ ತಾಳೆ ನೋಡುವುದು ಇವುಗಳ ಕೆಲಸ. ಸೆಕೆಂಡಿಗೆ 10 ಎಂಬಿ ಬರೆಯುವ 64 ಜಿಬಿ ಡ್ರೈವ್ ತುಂಬಲು ಒಂದೂಮುಕ್ಕಾಲು ಗಂಟೆ ಬೇಕು. ಅರ್ಧಕ್ಕೆ ನಿಲ್ಲಿಸಿದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಒಂದು ಮಾತು: 64 ಜಿಬಿ ಡ್ರೈವ್ ವಿಂಡೋಸ್‌ನಲ್ಲಿ 59.6 ಎಂದು ತೋರಿಸಿದರೆ ಅದು ಮೋಸವಲ್ಲ. ತಯಾರಕರದು 1000ದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ, ಅಷ್ಟೆ.

ಡ್ರೈವ್ ಫೇಲಾಯಿತೇ? ಫಲಿತಾಂಶದ ಪರದೆ, ಡ್ರೈವ್, ಪೊಟ್ಟಣ, ಬಿಲ್ಲು ನಾಲ್ಕನ್ನೂ ಸೇರಿಸಿ ಫೋಟೊ ತೆಗೆಯಿರಿ. ಫಾರ್ಮ್ಯಾಟ್ ಮಾಡಿ ಸರಿಪಡಿಸಲು ಹೋಗಬೇಡಿ. ಈಗ ಅದು ಸಾಕ್ಷ್ಯ.

ಅಂಗಡಿಯಾತ ‘ಮಾರಿದ ಮಾಲು ವಾಪಸಿಲ್ಲ’ ಎನ್ನುವ ಬೋರ್ಡು ತೋರಿಸಬಹುದು. ಹೆದರಬೇಕಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(47)ರ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಮೊದಲು ಆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ: 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಆಗಲಿಲ್ಲವೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಗ್ಗದ ಡ್ರೈವಿನ ಜಗಳ ಇಲ್ಲಿಯೇ ಮುಗಿದರೆ ಲೇಸು ಎನ್ನುವುದು ನನ್ನ ಅಭಿಪ್ರಾಯ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. ಮಾರಿದವರು ದೆಹಲಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಕೊಟ್ಟ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಗಡುವು ಎರಡು ವರ್ಷ. ಮರುಮಾರಾಟಕ್ಕೆ ಕೊಂಡವರು ಈ ಕಾಯ್ದೆಯಡಿ ಗ್ರಾಹಕರಲ್ಲ. ಆದರೆ ಹೊಟ್ಟೆಪಾಡಿಗಾಗಿ ತಾನೇ ಕ್ಯಾಮೆರಾ ಹಿಡಿದು ದುಡಿಯುವ ಫೋಟೊಗ್ರಾಫರ್, ಕೆಲಸಕ್ಕೆಂದು ಮೆಮೊರಿ ಕಾರ್ಡ್ ಕೊಂಡಿದ್ದರೆ, ಗ್ರಾಹಕನೇ.

ದೋಷ ತಿಳಿಯಲು ಪ್ರಯೋಗಾಲಯದ ಪರೀಕ್ಷೆ ಬೇಕೆನಿಸಿದರೆ ಸೆಕ್ಷನ್ 38ರಂತೆ ಆಯೋಗ ಡ್ರೈವನ್ನು ಮೊಹರು ಮಾಡಿ ಕಳಿಸುತ್ತದೆ. ಅದರ ಶುಲ್ಕವನ್ನು ಮೊದಲು ನಿಮ್ಮಿಂದಲೇ ಕಟ್ಟಿಸಿಕೊಳ್ಳಬಹುದು. ಆ ಖರ್ಚನ್ನೂ ಎದುರು ಪಕ್ಷದಿಂದ ಕೊಡಿಸಿ ಎಂದು ದೂರಿನಲ್ಲೇ ಕೇಳಿಕೊಳ್ಳಿ.