ಬೆಳಕಿಗೆ ಎಡಬಲಗಳು ತಿಳಿಯುವುದೆಂತು?

ಗಣಕಯಂತ್ರದ ಮೌಸಿನ ನೆತ್ತಿಯ ಮೇಲಿರುವ ಪುಟ್ಟ ಗಾಲಿಯನ್ನು ಮುಂದಕ್ಕೆ ಉರುಳಿಸಿದರೆ ತೆರೆಯ ಮೇಲಿನ ಬರಹ ಒಂದು ಕಡೆಗೂ, ಹಿಂದಕ್ಕೆ ಉರುಳಿಸಿದರೆ ಇನ್ನೊಂದು ಕಡೆಗೂ ಸರಿಯುವುದನ್ನು ವಾಚಕರೆಲ್ಲ ಬಲ್ಲರು. ಗಾಲಿ ತಿರುಗಿತೆಂಬುದು ಯಂತ್ರಕ್ಕೆ ತಿಳಿಯುವುದರಲ್ಲಿ ಅಂತಹ ಸೋಜಿಗವೇನೂ ಇಲ್ಲ. ಅದು ಯಾವ ಕಡೆಗೆ ತಿರುಗಿತೆಂಬುದು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗ ಹೆಚ್ಚಿನ ವಿದ್ಯಾರ್ಥಿಗಳು “ಒಳಗೆ ಒಂದು ಸಂವೇದಕವಿದೆ” ಎಂದು ಹೇಳಿ ಸುಮ್ಮನಾಗುತ್ತಾರೆ. ಪೆಟ್ಟಿಗೆಯ ಹೆಸರನ್ನು ಹೇಳಿದ ಮಾತ್ರಕ್ಕೆ ಅದರೊಳಗೇನಿದೆಯೆಂದು ಹೇಳಿದಂತಾಗಲಿಲ್ಲ. ಆದುದರಿಂದ ಪೆಟ್ಟಿಗೆಯನ್ನು ತೆರೆದೇ ನೋಡೋಣ.

ಅನೇಕ ಮೌಸುಗಳಲ್ಲಿ ಗಾಲಿಯೊಡನೆ ಸೀಳುಗಳುಳ್ಳ ಒಂದು ತಟ್ಟೆ ತಿರುಗುವಂತೆ ಮಾಡಿರುತ್ತಾರೆ. ತಟ್ಟೆಯ ಒಂದು ಬದಿಯಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರುವ ಎಲ್.ಇ.ಡಿ. ದೀಪ, ಇನ್ನೊಂದು ಬದಿಯಲ್ಲಿ ಬೆಳಕು ಬಿದ್ದಾಗ ವಿದ್ಯುತ್ತನ್ನು ಹರಿಯಗೊಡುವ ಫೋಟೋಟ್ರಾನ್ಸಿಸ್ಟರ್. ಸೀಳು ಎದುರಾದಾಗ ಬೆಳಕು, ಹಲ್ಲು ಎದುರಾದಾಗ ಕತ್ತಲೆ. ತಟ್ಟೆಯಲ್ಲಿ 24 ಸೀಳುಗಳಿವೆಯೆಂದು ಭಾವಿಸಿದರೆ, ಬೆಳಕು ಒಮ್ಮೆ ಬಂದು ಹೋಗಿ ಮತ್ತೆ ಬರುವಷ್ಟರಲ್ಲಿ ಗಾಲಿಯು 15 ಡಿಗ್ರಿ ತಿರುಗಿತೆಂದು ಲೆಕ್ಕ ಹಾಕಬಹುದು. ಆದರೆ ಗಾಲಿಯನ್ನು ಹಿಂದಕ್ಕೆ ತಿರುಗಿಸಿದರೂ ಆ ಒಂಟಿ ಕಣ್ಣಿಗೆ ಕಾಣುವುದು ಅದೇ ಬೆಳಕು, ಅದೇ ಕತ್ತಲೆ, ಮತ್ತೆ ಅದೇ ಬೆಳಕು. ಎಣಿಕೆ ದೊರೆಯಿತು, ದಿಕ್ಕು ಕಳೆದುಹೋಯಿತು.

ಇನ್ನೊಂದು ಕಣ್ಣನ್ನಿಟ್ಟರೆ ಸಾಕೇ? ಅದನ್ನು ಎಲ್ಲಿ ಇಡುತ್ತೇವೆಂಬುದರಲ್ಲಿ ಸ್ವಾರಸ್ಯವೆಲ್ಲ ಅಡಗಿದೆ. ಒಂದು ಸೀಳಿನ ಆರಂಭದಿಂದ ಮುಂದಿನ ಸೀಳಿನ ಆರಂಭದವರೆಗಿನ ದೂರವನ್ನು ಒಂದು ಹೆಜ್ಜೆ ಎಂದು ಕರೆಯೋಣ. ಎರಡನೆಯ ಕಣ್ಣನ್ನು ಸರಿಯಾಗಿ ಒಂದು ಹೆಜ್ಜೆ ದೂರದಲ್ಲಿಟ್ಟರೆ ಮೊದಲನೆಯದು ಕಂಡುದನ್ನೇ ಅದೂ ಕಾಣುವುದು. ಅರ್ಧ ಹೆಜ್ಜೆಯಲ್ಲಿಟ್ಟರೆ ಒಂದಕ್ಕೆ ಬೆಳಕಾದಾಗ ಇನ್ನೊಂದಕ್ಕೆ ಕತ್ತಲೆ. ಮೊದಲನೆಯದನ್ನು ತಿರುಗುಮುರುಗು ಮಾಡಿ ಹೇಳಿದಂತಾಯಿತೇ ಹೊರತು ಹೊಸ ಸಮಾಚಾರವೇನೂ ಸಿಕ್ಕಲಿಲ್ಲ. ಕಾಲು ಹೆಜ್ಜೆಯ ಅಂತರದಲ್ಲಿಟ್ಟಾಗ ಮಾತ್ರ ಅದರ ಸಾಕ್ಷ್ಯಕ್ಕೆ ಬೆಲೆ ಬರುವುದು.

ಇದನ್ನು ನಂಬುವುದಕ್ಕಿಂತ ಮಾಡಿ ನೋಡುವುದು ಲೇಸು. ರಟ್ಟಿನ ಒಂದು ಪಟ್ಟಿಯಲ್ಲಿ 2 ಸೆಂ.ಮೀ. ಅಗಲದ ಕಿಂಡಿಗಳನ್ನು 2 ಸೆಂ.ಮೀ. ಬಿಟ್ಟು ಬಿಟ್ಟು ಕತ್ತರಿಸಿರಿ. ಇನ್ನೊಂದು ರಟ್ಟಿನಲ್ಲಿ 1 ಸೆಂ.ಮೀ. ಅಂತರದಲ್ಲಿ ಎರಡು ಸೂಜಿರಂಧ್ರಗಳನ್ನು ಮಾಡಿ, ಅದರ ಹಿಂದೆ ಪಟ್ಟಿಯನ್ನು ಮೆಲ್ಲನೆ ಎಳೆಯಿರಿ. ಬೆಳಕಿಗೆ 1, ಕತ್ತಲೆಗೆ 0; ಎಡ ರಂಧ್ರದ ಅಂಕಿಯನ್ನು ಮೊದಲು, ಬಲ ರಂಧ್ರದ್ದನ್ನು ಅನಂತರ ಬರೆಯಿರಿ. ಪಟ್ಟಿ ಬಲಕ್ಕೆ ಸರಿದಂತೆಲ್ಲ 11, 01, 00, 10, ಪುನಃ 11 ಎಂಬ ಕ್ರಮ ಬರುವುದು. ಎಡಕ್ಕೆ ಎಳೆದರೆ 11, 10, 00, 01, 11. ಎರಡು ರಂಧ್ರಗಳೂ ಬೆಳಗುತ್ತಿರುವಾಗ ಮೊದಲು ಆರಿದ್ದು ಯಾವುದೆಂದು ನೋಡಿದರೆ ಸಾಕು, ದಿಕ್ಕು ತಿಳಿದುಹೋಗುತ್ತದೆ. ಒಂದೊಂದು ಹೆಜ್ಜೆಗೂ ನಾಲ್ಕು ಸ್ಥಿತಿಗಳಿರುವುದರಿಂದ 24 ಸೀಳುಗಳ ತಟ್ಟೆ 96 ಎಣಿಕೆಗಳನ್ನು ಕೊಡುವುದು. ಇದು ಕೇಳದೆಯೇ ಬಂದ ಲಾಭ.

ಪ್ರತಿ ಬದಲಾವಣೆಯಲ್ಲಿಯೂ ಒಂದೇ ಒಂದು ಅಂಕಿ ಬದಲಾಗುವುದನ್ನು ಗಮನಿಸಿದಿರಷ್ಟೆ. ಇಂತಹ ಸಂಖ್ಯಾಕ್ರಮಕ್ಕೆ ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ರಾಂಕ್ ಗ್ರೇ ಅವರ ಹೆಸರಿದೆ. ಅವರಿಗೆ 1953ರಲ್ಲಿ ಇದರ ಪೇಟೆಂಟು ದೊರೆಯಿತು. ಈಗ 11 ಇದ್ದುದು ಏಕಾಏಕಿ 00 ಆದರೆ? ಯಂತ್ರ ನೋಡದಿದ್ದಾಗ ಎರಡು ಮೆಟ್ಟಿಲು ದಾಟಿಹೋಗಿವೆ. ಯಾವ ಕಡೆಯಿಂದ ಹೋದರೂ ಅಲ್ಲಿಗೇ ತಲುಪುವುದರಿಂದ ದಿಕ್ಕನ್ನು ಹೇಳುವಂತಿಲ್ಲ. ಮೂರು ಮೆಟ್ಟಿಲು ತಪ್ಪಿಹೋದರಂತೂ ಅವಸ್ಥೆ ಇನ್ನೂ ವಿಪರೀತ. ಬಲಕ್ಕೆ ಮೂರು ಮೆಟ್ಟಿಲು ನಡೆದರೆ ಸಿಕ್ಕುವುದು 10. ಎಡಕ್ಕೆ ಒಂದೇ ಮೆಟ್ಟಿಲು ನಡೆದರೂ ಅದೇ 10! ಯಂತ್ರ ಯಾವ ಅಳುಕೂ ಇಲ್ಲದೆ “ಎಡಕ್ಕೆ ಒಂದು” ಎಂದು ಬರೆದುಕೊಳ್ಳುವುದು. ಚಲನಚಿತ್ರದಲ್ಲಿ ಮುಂದಕ್ಕೆ ಓಡುವ ರಥದ ಚಕ್ರ ಹಿಂದಕ್ಕೆ ತಿರುಗುವಂತೆ ಕಾಣುವುದೂ ಇದೇ ಕಾರಣದಿಂದ. ದಿಕ್ಕನ್ನು ತಿಳಿಯಬೇಕಾದರೆ, ಅರ್ಧ ಹೆಜ್ಜೆ ಕಳೆಯುವುದರೊಳಗೆ ಮತ್ತೊಮ್ಮೆ ನೋಡಲೇಬೇಕು.

ಮೌಸಿನ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಅವರು ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ 1964ರಲ್ಲಿ ರೂಪಿಸಿದ ಮೊದಲ ಮೌಸಿನಲ್ಲಿ, ಒಂದಕ್ಕೊಂದು ಲಂಬವಾಗಿ ನಿಂತ ಎರಡು ಚಕ್ರಗಳಿದ್ದವು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಎಂಗೆಲ್‌ಬಾರ್ಟ್ ಅದನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ಮುಂದೆ ಚಕ್ರದ ಬದಲು ರಬ್ಬರು ಲೇಪಿಸಿದ ಗುಂಡು ಬಂದಿತು. ಅದು ಎರಡು ಉರುಳೆಗಳನ್ನು ತಿರುಗಿಸುವುದು, ಉರುಳೆಗಳು ನಾವು ಈಗ ತಾನೆ ನೋಡಿದಂತಹ ಎರಡು ತಟ್ಟೆಗಳನ್ನು ತಿರುಗಿಸುವುವು. ಗುಂಡು ಮೇಜಿನ ಧೂಳನ್ನೆಲ್ಲ ಒಳಗೆ ಸೇರಿಸಿಕೊಳ್ಳುತ್ತಿತ್ತು. ನಮ್ಮ ವಿದ್ಯಾರ್ಥಿದೆಸೆಯಲ್ಲಿ ಮೌಸಿನ ಹೊಟ್ಟೆಯನ್ನು ತೆರೆದು ಉರುಳೆಗಳಿಗೆ ಮೆತ್ತಿದ ಕೊಳೆಯನ್ನು ಉಗುರಿನಿಂದ ಕೆರೆಯುವುದು ಪ್ರಯೋಗಾಲಯದ ನಿತ್ಯಕರ್ಮಗಳಲ್ಲಿ ಒಂದಾಗಿತ್ತು.

ಗುಂಡಿನ ಗೊಡವೆಯೇ ಬೇಡ, ಮೇಜನ್ನೇ ನೋಡಿಬಿಡೋಣವೆಂಬ ಯೋಚನೆ 1980ರ ಸುಮಾರಿಗೆ ರಿಚರ್ಡ್ ಲಯನ್ ಮತ್ತು ಸ್ಟೀವ್ ಕರ್ಷ್ ಅವರಿಗೆ ಬೇರೆ ಬೇರೆಯಾಗಿ ಹೊಳೆಯಿತು. ಅವರ ಮೌಸುಗಳಿಗೆ ಚುಕ್ಕೆ ಅಥವಾ ಗೆರೆಗಳನ್ನು ಮುದ್ರಿಸಿದ ವಿಶೇಷ ಹಾಸು ಅವಶ್ಯವಾಗಿತ್ತು. ಸಾಮಾನ್ಯ ಮೇಜಿನ ಮೇಲೆಯೇ ನಡೆಯುವ ಮೌಸು 1999ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಮೂಲಕ ವ್ಯಾಪಕವಾಗಿ ಮಾರುಕಟ್ಟೆಗೆ ಬಂದಿತು. ಅದು ಸೆಕೆಂಡಿಗೆ 1500 ಚಿತ್ರಗಳನ್ನು ತೆಗೆಯುತ್ತಿತ್ತು.

ನಯವಾದ ಮೇಜಿನಲ್ಲಿ ಚಿತ್ರ ತೆಗೆಯುವಂತಹುದು ಏನಿದೆಯೆಂದು ಕೇಳಬಹುದು. ಸಂಜೆಯ ಓರೆಬಿಸಿಲು ಉತ್ತ ಹೊಲದ ಮೇಲೆ ಬಿದ್ದಾಗ ಪ್ರತಿಯೊಂದು ಹೆಂಟೆಗೂ ಉದ್ದನೆಯ ನೆರಳು ಮೂಡುವುದಷ್ಟೆ. ಅಂತೆಯೇ ಮೌಸಿನೊಳಗಿನ ಎಲ್.ಇ.ಡಿ. ಬೆಳಕನ್ನು ಮೇಜಿನ ಮೇಲೆ ಓರೆಯಾಗಿ ಬೀರಿದಾಗ, ಮರದ ನಾರು, ಕಾಗದದ ಎಳೆ ಮುಂತಾದ ಉಬ್ಬುತಗ್ಗುಗಳು ನೆರಳು ಚೆಲ್ಲುವುವು. ಮಸೂರವೊಂದು ಅವುಗಳ ಬಿಂಬವನ್ನು 16 ಸಾಲು, 16 ಕಂಬ, ಒಟ್ಟು 256 ಕೋಶಗಳ ಪುಟ್ಟ ಫಲಕದ ಮೇಲೆ ಬೀಳಿಸುವುದು. ಒಂದು ಚಿತ್ರವನ್ನು ಹಿಂದಿನ ಚಿತ್ರದ ಮೇಲಿಟ್ಟು ಒಂದು ಕೋಶ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ, ಓರೆಯಾಗಿ ಸರಿಸಿ ನೋಡಿ, ಎಲ್ಲಿ ಎರಡೂ ಚೆನ್ನಾಗಿ ಹೊಂದುವುವೋ ಅಷ್ಟೇ ಚಲನೆಯಾಯಿತೆಂದು ಯಂತ್ರ ತೀರ್ಮಾನಿಸುವುದು. ಹೊಂದಿಕೆಯನ್ನು ಅಳೆಯುವ ಬಗೆ ಸರಳ: ಕೋಶಕ್ಕೆ ಕೋಶ ಕಳೆದು, ವ್ಯತ್ಯಾಸಗಳನ್ನೆಲ್ಲ ಕೂಡಿದರಾಯಿತು.

ಒಂದು ಕೋಶಕ್ಕೆ ಮೇಜಿನ 0.06 ಮಿ.ಮೀ. ಕಾಣುವುದೆಂದಿಟ್ಟುಕೊಂಡರೆ ಇಡೀ ನೋಟ ಸುಮಾರು 1 ಮಿ.ಮೀ. ಅಗಲದ್ದು. ಕೈ ಸೆಕೆಂಡಿಗೆ 30 ಸೆಂ.ಮೀ. ಸರಿದರೆ ಎರಡು ಚಿತ್ರಗಳ ನಡುವೆ 0.2 ಮಿ.ಮೀ. ಕಳೆಯುವುದು, ನೋಟದ ಐದರಲ್ಲಿ ನಾಲ್ಕು ಪಾಲು ಎರಡರಲ್ಲಿಯೂ ಇರುವುದರಿಂದ ಹೋಲಿಕೆ ಸುಲಭ. ವೇಗ ಸೆಕೆಂಡಿಗೆ 1 ಮೀಟರ್ ಆದರೆ 0.67 ಮಿ.ಮೀ. ಕಳೆದು, ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯುವುದು. ಇನ್ನೂ ವೇಗ ಹೆಚ್ಚಿದರೆ ಯಂತ್ರಕ್ಕೆ ದಾರಿ ತಪ್ಪುವುದು. ಸ್ವಚ್ಛವಾದ ಗಾಜಿನ ಮೇಲಂತೂ ನೆರಳೇ ಇಲ್ಲದುದರಿಂದ ಇಂತಹ ಮೌಸು ಕುರುಡು. 2004ರಲ್ಲಿ ಲಾಜಿಟೆಕ್ ಸಂಸ್ಥೆ ಎಲ್.ಇ.ಡಿ.ಯ ಬದಲು ಲೇಸರನ್ನು ಬಳಸಿದ ಮೇಲೆ ನುಣುಪಾದ ಮೇಲ್ಮೈಗಳಲ್ಲಿಯೂ ವಿವರ ಹೆಚ್ಚಾಗಿ ಕಾಣತೊಡಗಿತು.

ಇದೇ ಮೌಸನ್ನು ಕುಗ್ಗಿಸಿ ಅಂಗಾತ ಮಲಗಿಸಿದರೆ ಬೆರಳಿನ ಚಲನೆಯನ್ನು ಓದುವ ಕಿಟಕಿಯಾಗುತ್ತದೆ. 2009ರಲ್ಲಿ ಬಂದ ಬ್ಲ್ಯಾಕ್‌ಬೆರಿ ಕರ್ವ್ 8520 ಎಂಬ ದೂರವಾಣಿಯಲ್ಲಿ, ಹಿಂದಿನ ಮಾದರಿಗಳ ಉರುಳುಗುಂಡಿನ ಜಾಗಕ್ಕೆ ಇಂತಹ ಕಿಟಕಿ ಬಂದಿತ್ತು. ಇಲ್ಲಿ ಮೌಸು ನಿಂತಿದೆ, ‘ಮೇಜು’ ಸರಿಯುತ್ತಿದೆ. ಆದುದರಿಂದ ಲೆಕ್ಕದ ಚಿಹ್ನೆಯನ್ನು ಬದಲಿಸಬೇಕಾಗುವುದು. ಆದರೆ ಹೆಚ್ಚು ಯೋಚನೆಗೆ ಹಚ್ಚುವುದು ಬೆರಳಿನ ಚರ್ಮ. ಅದರ ಏಣುಗಳು ಹೆಚ್ಚುಕಡಿಮೆ ಅರ್ಧ ಮಿ.ಮೀ.ಗೆ ಒಂದರಂತೆ ಸಾಲಾಗಿವೆ. ನಮ್ಮ ಸೀಳುತಟ್ಟೆಯೇ ಬೆರಳಿನ ತುದಿಯಲ್ಲಿ ಮತ್ತೆ ಸಿಕ್ಕಿತಲ್ಲ! ಅರ್ಧ ಹೆಜ್ಜೆಯೆಂದರೆ ಇಲ್ಲಿ 0.25 ಮಿ.ಮೀ. ಸೆಕೆಂಡಿಗೆ 1500 ಚಿತ್ರಗಳಂತೆ ಲೆಕ್ಕ ಹಾಕಿದರೆ, ಏಣುಗಳಿಗೆ ಅಡ್ಡಲಾಗಿ 37 ಸೆಂ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಸರಿದ ಬೆರಳು ಹಿಂದಕ್ಕೆ ಹೋದಂತೆ ಕಾಣಬಹುದು. ಪುಣ್ಯಕ್ಕೆ ಚರ್ಮದ ಏಣುಗಳು ತಟ್ಟೆಯ ಸೀಳುಗಳಷ್ಟು ಕ್ರಮಬದ್ಧವಲ್ಲ. ಬಾಗುತ್ತವೆ, ಕವಲೊಡೆಯುತ್ತವೆ, ನಡುವೆಯೇ ನಿಂತುಹೋಗುತ್ತವೆ.

ಬೆರಳು ಏಣುಗಳ ಜಾಡಿನಲ್ಲಿಯೇ ಸರಿದರೆ ಇನ್ನೊಂದು ತೊಡಕುಂಟು. ಗೆರೆ ಹಾಕಿದ ಹಾಳೆಯನ್ನು ರಟ್ಟಿನ ಒಂದು ಸಣ್ಣ ಕಿಂಡಿಯ ಹಿಂದೆ ಇಟ್ಟು, ಗೆರೆಗಳ ಉದ್ದಕ್ಕೆ ಎಳೆದು ನೋಡಿರಿ. ಹಾಳೆ ಸರಿಯುತ್ತಿದ್ದರೂ ಕಿಂಡಿಯಲ್ಲಿ ಎಲ್ಲವೂ ನಿಂತಂತೆಯೇ ಇರುವುದು. ಈಗ ಗೆರೆಯ ಮೇಲೆ ಒಂದು ಮಸಿಚುಕ್ಕೆಯನ್ನಿಟ್ಟು ಮತ್ತೆ ಎಳೆಯಿರಿ. ಚಲನೆ ಒಡನೆಯೇ ಕಾಣುವುದು. ಬೆರಳಿನಲ್ಲಿ ಅಂತಹ ಚುಕ್ಕೆಗಳಾಗಿ, ಏಣುಗಳ ಮೇಲೆ ಬೆವರಿನ ರಂಧ್ರಗಳಿವೆ.