ಸಂದರ್ಭ ಬೇಡಿದ ಮಾತು

ಇತಿಹಾಸದಲ್ಲಿ ಹೆಸರಾದ ಭಾಷಣಗಳು ಯಾವುವು ಎಂದು ತರಗತಿಯಲ್ಲಿ ಕೇಳಿದರೆ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ. ಅರಫಾತ್‌ನಲ್ಲಿ ಪ್ರವಾದಿವರ್ಯರು(ಸ) ಮಾಡಿದ ವಿದಾಯ ಭಾಷಣ, 1893ರಲ್ಲಿ ಶಿಕಾಗೋದಲ್ಲಿ ವಿವೇಕಾನಂದರು ಮಾಡಿದ್ದು, 1947ರ ಆಗಸ್ಟ್ 14ರ ನಡುರಾತ್ರಿ ನೆಹರೂರವರು ಮಾಡಿದ್ದು. ಯಾರಾದರೊಬ್ಬ ಹುಡುಗ, ತಾರಿಕ್ ಬಿನ್ ಝಿಯಾದ್ ದೋಣಿಗಳನ್ನು ಸುಟ್ಟು ಸೈನ್ಯದ ಮುಂದೆ ಮಾಡಿದ ಭಾಷಣವನ್ನೂ ಸೇರಿಸುತ್ತಾನೆ. (ದೋಣಿ ಸುಟ್ಟ ಕಥೆ ಶತಮಾನಗಳ ಬಳಿಕದ ಗ್ರಂಥಗಳದ್ದು ಎಂದು ತಿಳಿಸಿದರೆ ಅವನ ಮುಖ ಬಾಡುತ್ತದೆ.) ಆದರೆ ಕ್ರಿ.ಶ. 632ರಲ್ಲಿ ಮದೀನಾದ ಮಸೀದಿಯಲ್ಲಿ ನಡೆದ, ಕೆಲವೇ ವಾಕ್ಯಗಳ ಒಂದು ಭಾಷಣ ಯಾರಿಗೂ ಥಟ್ಟನೆ ನೆನಪಾಗುವುದಿಲ್ಲ. ಓದುಗ ಮಿತ್ರರೇ, ಈ ಬಾರಿ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಹಿಜರಿ 11ರ ರಬೀಉಲ್ ಅವ್ವಲ್ ತಿಂಗಳ ಸೋಮವಾರ. ಪ್ರವಾದಿವರ್ಯರು(ಸ) ನಿಧನರಾದ ಸುದ್ದಿ ಹ. ಆಯಿಶಾರ(ರ) ಕೋಣೆಯಿಂದ ಹೊರಬಿದ್ದಿತ್ತು. ಜನರಿಗೆ ನಂಬಲಾಗಲಿಲ್ಲ. ಹ. ಉಮರ್(ರ) ಎದ್ದು ನಿಂತು, ಪ್ರವಾದಿಯವರು ಮರಣ ಹೊಂದಿಲ್ಲ, ಮೂಸಾ(ಅ) ನಲ್ವತ್ತು ರಾತ್ರಿಗಳ ಬಳಿಕ ತಮ್ಮ ಜನರೆಡೆಗೆ ಮರಳಿದಂತೆ ಇವರೂ ಮರಳುವರು, ಮರಣ ಹೊಂದಿದರೆಂದು ಹೇಳುವವರಿಗೆ ಶಿಕ್ಷೆ ತಪ್ಪದು ಎಂದು ಸಾರುತ್ತಿದ್ದರು. ಉಮರ್ ಎಂಥ ಧೀರರೆಂಬುದು ನಿಮಗೆ ಗೊತ್ತು. ಅವರೇ ಹೀಗಾದರೆ ಉಳಿದವರ ಪಾಡೇನು? ಅಂದು ಆ ಸಮೂಹವು ಎಲ್ಲಿ ಬೇಕಾದರೂ ಹಾದಿ ತಪ್ಪಬಹುದಿತ್ತು.

ಹ. ಅಬೂಬಕರ್ ಸಿದ್ದೀಕ್(ರ) ಆಗ ಊರ ಹೊರವಲಯದ ಸುನ್‌ಹ್‌ನಲ್ಲಿದ್ದರು. ಕುದುರೆಯೇರಿ ಬಂದವರು ಯಾರೊಡನೆಯೂ ಮಾತನಾಡದೆ ನೇರವಾಗಿ ಮಗಳ ಕೋಣೆಯನ್ನು ಪ್ರವೇಶಿಸಿದರು. ಯಮನಿ ವಸ್ತ್ರವನ್ನು ಸರಿಸಿ ಪ್ರವಾದಿವರ್ಯರ(ಸ) ಮುಖ ನೋಡಿದರು, ಬಾಗಿ ಮುತ್ತಿಟ್ಟರು, ಅತ್ತರು. ಆ ಬಳಿಕ ಹೊರಗೆ ಬಂದರು. ಈ ಕ್ರಮವನ್ನು ಗಮನಿಸಿ. ಅಳುವುದನ್ನು ಅವರು ಒಳಗೇ ಅತ್ತು ಬಂದಿದ್ದರು.

ಕುಳಿತುಕೊಳ್ಳುವಂತೆ ಉಮರ್‌ಗೆ(ರ) ಹೇಳಿದರು. ಉಮರ್ ಕೇಳಲಿಲ್ಲ. ಅಬೂಬಕರ್(ರ) ವಾದಕ್ಕಿಳಿಯದೆ ತಮ್ಮ ಪಾಡಿಗೆ ಮಾತು ಆರಂಭಿಸಿದರು. ಜನ ಉಮರ್‌ರನ್ನು ಬಿಟ್ಟು ಇವರತ್ತ ತಿರುಗಿದರು. ಅಲ್ಲಾಹನನ್ನು ಸ್ತುತಿಸಿದ ಬಳಿಕ ಅವರು ಹೇಳಿದ್ದರ ಸಾರ ಇಷ್ಟೇ: ಮುಹಮ್ಮದರನ್ನು ಆರಾಧಿಸುತ್ತಿದ್ದವರು ಯಾರಾದರೂ ಇದ್ದರೆ ಅವರು ತಿಳಿಯಲಿ, ಮುಹಮ್ಮದ್ ಮರಣ ಹೊಂದಿದ್ದಾರೆ. ಅಲ್ಲಾಹನನ್ನು ಆರಾಧಿಸುತ್ತಿದ್ದವರಿಗಾದರೋ, ಅಲ್ಲಾಹನು ಸಾವಿಲ್ಲದವನು. ಅನಂತರ ಆಲಿ ಇಮ್ರಾನ್ ಅಧ್ಯಾಯದ 144ನೇ ಸೂಕ್ತವನ್ನು ಓದಿದರು. ಉಹುದ್ ಯುದ್ಧದಲ್ಲಿ ಪ್ರವಾದಿಯವರು ಹತರಾದರೆಂಬ ಸುಳ್ಳುಸುದ್ದಿ ಹಬ್ಬಿ ಜನ ಕಂಗೆಟ್ಟಾಗ ಅವತೀರ್ಣವಾದ ಸೂಕ್ತವದು. ಎಲ್ಲರಿಗೂ ಕಂಠಪಾಠವಿದ್ದದ್ದೇ. ಆದರೂ ಅಬೂಬಕರ್ ಓದುವ ತನಕ ಅದು ಇಳಿದಿದೆಯೆಂಬುದೇ ಜನರಿಗೆ ತಿಳಿದಿಲ್ಲವೇನೋ ಎಂಬಂತಿತ್ತು ಎಂದು ಇಬ್ನು ಅಬ್ಬಾಸ್(ರ) ಹೇಳಿದ್ದಾರೆ. ಉಮರ್‌ರ(ರ) ಕಾಲುಗಳು ಸೋತವು. ಅವರು ನೆಲಕ್ಕೆ ಕುಸಿದರು.

ಹೇಳದೆ ಬಿಟ್ಟದ್ದನ್ನೂ ನೋಡಿ. ಸೌರ್ ಗುಹೆಯಲ್ಲಿ ಪ್ರವಾದಿಯವರ ಜೊತೆಗಿದ್ದವರು ಈ ಅಬೂಬಕರ್. ಆ ಒಡನಾಟದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವರಿಗಿತ್ತು. ಗುಹೆಯ ಹೆಸರನ್ನೇ ಅವರು ಎತ್ತಲಿಲ್ಲ. ಉಮರ್‌ರನ್ನು ಹೆಸರು ಹಿಡಿದು ಖಂಡಿಸಲೂ ಇಲ್ಲ.

ಮದ್ರಸದಲ್ಲಿ ನಮಗೆ ಬಲಾಗತ್ ಶಾಸ್ತ್ರ ಕಲಿಸುವಾಗ, ಸಂದರ್ಭದ ಬೇಡಿಕೆಗೆ ಹೊಂದುವ ಶುದ್ಧವಾದ ಮಾತೇ ವಾಗ್ಮಿತೆ ಎಂಬ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿದ್ದರು. ಮುಂದೆ ಕನ್ನಡ ಬಿ.ಎ. ಓದುವಾಗ ಕಾವ್ಯಮೀಮಾಂಸೆಯ ಪಾಠದಲ್ಲಿ ಕ್ಷೇಮೇಂದ್ರನ ಔಚಿತ್ಯ ವಿಚಾರ ಬಂತು. ಕಾಶ್ಮೀರದ ಆ ಪಂಡಿತನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನಲ್ಲ ಎಂದು ನನಗೆ ಅಚ್ಚರಿಯಾಗಿತ್ತು. ಎರಡಕ್ಕೂ ಅಬೂಬಕರ್‌ರ(ರ) ಆ ಮಾತುಗಳಿಗಿಂತ ಒಳ್ಳೆಯ ಉದಾಹರಣೆ ನನಗಿನ್ನೂ ಸಿಕ್ಕಿಲ್ಲ.

ಮರುದಿನ ಜನರೆಲ್ಲ ಮಸೀದಿಯಲ್ಲಿ ಸೇರಿದಾಗ ಮೊದಲು ಮಾತನಾಡಿದವರು ಉಮರ್(ರ). ತಾನು ನಿನ್ನೆ ಹೇಳಿದ್ದು ಅಲ್ಲಾಹನ ಗ್ರಂಥದಲ್ಲಿಲ್ಲ, ಪ್ರವಾದಿಯವರು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬದುಕುವರೆಂದು ಭಾವಿಸಿದ್ದೆ ಎಂದು ಅವರು ಅಷ್ಟೂ ಜನರ ಮುಂದೆ ಒಪ್ಪಿಕೊಂಡರು. (ಆಡಿದ ಮಾತನ್ನು ಅದೇ ಸಭೆಯ ಮುಂದೆ ಹಿಂದೆಗೆದುಕೊಂಡ ಭಾಷಣಕಾರರನ್ನು ನೀವು ಎಷ್ಟು ಮಂದಿಯನ್ನು ಕಂಡಿದ್ದೀರಿ?) ಖಲೀಫರಾಗಿ ಅಬೂಬಕರ್(ರ) ಮಾಡಿದ ಮೊದಲ ಭಾಷಣವೂ ಚಿಕ್ಕದೇ. ತಾನು ನಿಮ್ಮಲ್ಲಿ ಅತ್ಯುತ್ತಮನಲ್ಲ, ಸರಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದರು. ದುರ್ಬಲನಿಗೆ ಅವನ ಹಕ್ಕು ಸಿಗುವ ತನಕ ತನ್ನ ದೃಷ್ಟಿಯಲ್ಲಿ ಅವನೇ ಬಲಶಾಲಿ ಎಂದರು.

ಇಂಥದೇ ಔಚಿತ್ಯವನ್ನು ತೀರಾ ಬೇರೆ ನಾಡಿನ, ಬೇರೆ ಕಾಲದ ಒಂದು ಸಾವಿನ ಸಂದರ್ಭದಲ್ಲೂ ಕಾಣಬಹುದು. ಅಮೆರಿಕದ ಅಂತರ್ಯುದ್ಧದ ವೇಳೆ, 1863ರ ಜುಲೈ 1ರಿಂದ 3ರ ತನಕ ಗೆಟ್ಟಿಸ್‌ಬರ್ಗ್‌ನಲ್ಲಿ ಘೋರ ಕಾಳಗ ನಡೆಯಿತು. ಅಲ್ಲಿ ಮಡಿದ ಸೈನಿಕರ ಸ್ಮಶಾನವನ್ನು ಅದೇ ನವೆಂಬರ್ 19ರಂದು ಸಮರ್ಪಿಸಿದಾಗ ಮುಖ್ಯ ಭಾಷಣಕಾರರು ಎಡ್ವರ್ಡ್ ಎವರೆಟ್, ಹೆಸರಾಂತ ವಾಗ್ಮಿ. ಅವರು ಸುಮಾರು ಎರಡು ಗಂಟೆ ಮಾತನಾಡಿದರು. ಬಳಿಕ ಎದ್ದ ಅಧ್ಯಕ್ಷ ಲಿಂಕನ್ ಸುಮಾರು 270 ಪದಗಳಲ್ಲಿ, ಎರಡೇ ನಿಮಿಷಗಳಲ್ಲಿ ಮುಗಿಸಿದರು. ಈ ದಿನದ ತಿರುಳಿಗೆ ನೀವು ಎರಡು ನಿಮಿಷಗಳಲ್ಲಿ ತಲುಪಿದಷ್ಟು ಹತ್ತಿರ ನಾನು ಎರಡು ಗಂಟೆಗಳಲ್ಲಿ ತಲುಪಿದ್ದರೆ ಸಂತೋಷಪಡುತ್ತಿದ್ದೆ ಎಂಬರ್ಥದ ಪತ್ರವನ್ನು ಎವರೆಟ್ ಮರುದಿನವೇ ಲಿಂಕನ್‌ಗೆ ಬರೆದರು. ಎವರೆಟ್ ದೊಡ್ಡ ಮನುಷ್ಯ.

ಅಮ್ಮಾರ್ ಬಿನ್ ಯಾಸಿರ್(ರ) ಒಮ್ಮೆ ಚುಟುಕಾದ, ಸೊಗಸಾದ ಖುತ್ಬಾ ನೀಡಿ ಇಳಿದಾಗ, ಇನ್ನಷ್ಟು ಮಾತನಾಡಬಾರದಿತ್ತೇ ಎಂದು ಜನ ಕೇಳಿದರಂತೆ. ನಮಾಝ್ ದೀರ್ಘವಾಗಿದ್ದು ಖುತ್ಬಾ ಕಿರಿದಾಗಿರುವುದು ಮನುಷ್ಯನ ತಿಳಿವಳಿಕೆಯ ಕುರುಹೆಂದು ಪ್ರವಾದಿವರ್ಯರಿಂದ(ಸ) ಕೇಳಿದ್ದೇನೆ ಎಂಬುದು ಅವರ ಉತ್ತರ. ಸಹೀಹ್ ಮುಸ್ಲಿಮ್‌ನ ಈ ಹದೀಸನ್ನು ನಾನು ಎಷ್ಟೋ ಬಾರಿ ಪಾಠ ಮಾಡಿದ್ದೆ.

ಪಾಠ ಮಾಡಿದ್ದೆ, ಅಷ್ಟೇ. ಕೆಲವು ವರ್ಷಗಳ ಹಿಂದೆ ಒಂದು ಮನೆಯಲ್ಲಿ ಇಪ್ಪತ್ತರ ಹರೆಯದ ಮಗ ತೀರಿಕೊಂಡ. ದಫನ ಮುಗಿಸಿ ಬಂದ ಮೇಲೆ ನಾಲ್ಕು ಮಾತು ಹೇಳುವಂತೆ ನನ್ನನ್ನು ಕೇಳಿಕೊಂಡರು. ಜನ ಬಹಳ ಸೇರಿದ್ದರು. ಸಬ್ರಿನ ವಿವಿಧ ದರ್ಜೆಗಳು, ಅಯ್ಯೂಬ್(ಅ)ರ ವೃತ್ತಾಂತ, ನಡುನಡುವೆ ಅರಬಿ ವಾಕ್ಯಗಳು ಎಂದು ಮುಕ್ಕಾಲು ಗಂಟೆ ಮಾತನಾಡಿದೆ. ಚೆನ್ನಾಗಿ ಮಾತನಾಡಿದೆನೆಂದೇ ನನ್ನೆಣಿಕೆ. ಹುಡುಗನ ತಂದೆ ಎದುರಿನ ಗೋಡೆಗೊರಗಿ ಕುಳಿತಿದ್ದರು. ಹೊರಡುವಾಗ ಹಿರಿಯರೊಬ್ಬರು ಅಂಗಳದ ತನಕ ಬಂದು ಮೆಲ್ಲನೆ ಹೇಳಿದರು: “ಉಸ್ತಾದರೇ, ಅವರು ನಿನ್ನೆಯಿಂದ ಏನೂ ತಿಂದಿಲ್ಲ. ನಿಮ್ಮ ಮಾತು ಮುಗಿಯಲಿ, ಆಮೇಲೆ ಒಂದಿಷ್ಟು ಗಂಜಿ ಕುಡಿಸೋಣ ಅಂತ ಕಾಯುತ್ತಿದ್ದೆವು.”