ಸಂಘದ ವಿಡಿಯೋ ಪಾಠಗಳು: ಜೋಡಿಸುವುದು ಮತ್ತು ಹಂಚುವುದು ಹೇಗೆ?



ಕೆಚ್ಚಲು ತೊಳೆಯುವ ಕ್ರಮ, ಕೆಚ್ಚಲುಬಾವಿನ ಪರೀಕ್ಷೆ, ರಸಮೇವಿನ ತಯಾರಿಕೆ - ಇವನ್ನು ಕೇಳಿ ತಿಳಿಯುವುದಕ್ಕಿಂತ ಕಣ್ಣಾರೆ ಕಂಡರೆ ಬೇಗ ಮನದಟ್ಟಾಗುತ್ತವೆ. ಮೊಬೈಲ್ ಬಂದ ಮೇಲೆ ವಿಡಿಯೋ ತೆಗೆಯುವುದು ಸುಲಭವಾಗಿದೆ. ಆದರೆ ತೆಗೆದದ್ದನ್ನು ಕ್ರಮವಾಗಿ ಇಟ್ಟು, ಬೇಕಾದಾಗ ಸಿಗುವಂತೆ ಮಾಡುವುದೇ ಕಷ್ಟದ ಕೆಲಸ.

ಹಿಂದಿನ ಅನುಭವ

ಹೈನುಗಾರರಿಗೆ ಇದು ಹೊಸದಲ್ಲ. 1975ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇಸ್ರೋ ಸಂಸ್ಥೆಯು ಗ್ರಾಮೀಣ ಟಿ.ವಿ. ಯೋಜನೆಯನ್ನು ಆರಂಭಿಸಿತು. ಊರಿಗೆಲ್ಲ ಸೇರಿದ ಟಿ.ವಿ. ಪೆಟ್ಟಿಗೆಗಳನ್ನು ಹಾಲಿನ ಸಂಘಗಳಲ್ಲಿಯೂ ಇಡಲಾಗಿತ್ತು. ಈ ಯೋಜನೆಗೆ 1984ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂದಿತು. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಡಿಜಿಟಲ್ ಗ್ರೀನ್' ಊರಿನ ರೈತರನ್ನೇ ಚಿತ್ರಿಸಿ, ಸಣ್ಣ ಗುಂಪುಗಳಿಗೆ ತೋರಿಸಿ, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ ಪದ್ಧತಿಯನ್ನು ಬಳಸಿತು. ತಮ್ಮಂತಹ ರೈತನೇ ತಮ್ಮ ಮಾತಿನಲ್ಲಿ ಹೇಳಿದರೆ ನಂಬಿಕೆ ಹೆಚ್ಚು ಎಂಬುದು ಇದರ ತಿರುಳು.

ಅರ್ಧ ಪಾಠದ ಅಪಾಯ

ಒಂದು ಉದಾಹರಣೆ ನೋಡೋಣ. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ನಂತರ ಗಾಳಿಗೆ ಹರಡಿ ವಾಸನೆ ಕಡಿಮೆಯಾದ ಮೇಲೆ ತಿನ್ನಿಸಬೇಕು. ಈ ವಿಡಿಯೋದ ಮೊದಲ ಭಾಗ ಮಾತ್ರ ಮೊಬೈಲಿನಿಂದ ಮೊಬೈಲಿಗೆ ಹೋದರೆ? ಯೂರಿಯಾ ಹಾಕಿದ ದಿನವೇ ಹುಲ್ಲು ಹಾಕಿದವರ ಹಸು ವಿಷವೇರಿ ಸಾಯಬಹುದು. ಆದ್ದರಿಂದ ವಿಡಿಯೋ ಪೂರ್ಣವಾಗಿರುವುದೂ, ಒಂದೇ ಕಡೆ ಇರುವುದೂ ಅವಶ್ಯಕ.

ಅನುಸರಿಸಬೇಕಾದ ಕ್ರಮಗಳು

1. ಒಂದು ವಿಡಿಯೋಕ್ಕೆ ಒಂದೇ ಕೆಲಸ. ಮೂರರಿಂದ ಐದು ನಿಮಿಷ ಸಾಕು. ಎಚ್ಚರಿಕೆಯ ಮಾತನ್ನು ಮೊದಲಲ್ಲಿಯೂ ಕೊನೆಯಲ್ಲಿಯೂ ಹೇಳಿಸಿ.

2. ಹೆಸರು ಸ್ಪಷ್ಟವಾಗಿರಲಿ. 'ಹೊಸ ವಿಡಿಯೋ' ಎಂದರೆ ಯಾರಿಗೂ ಸಿಗದು. 'ಕೆಚ್ಚಲುಬಾವು - ಮನೆಯಲ್ಲಿ ಪರೀಕ್ಷೆ' ಎಂದು ಬರೆದು, ತೆಗೆದ ತಿಂಗಳು, ವರ್ಷ ಸೇರಿಸಿ.

3. ಕೆಲಸದ ಪ್ರಕಾರ ವಿಂಗಡಿಸಿ: ಮೇವು, ಕರು ಸಾಕಣೆ, ರೋಗ ಮತ್ತು ಲಸಿಕೆ, ಶುದ್ಧ ಹಾಲು, ಸಂಘದ ಲೆಕ್ಕ. ಐದಾರು ವಿಭಾಗ ಮೀರದಿರಲಿ.

4. ಔಷಧ, ಯೂರಿಯಾ, ಲಸಿಕೆಯ ವಿಷಯವಿದ್ದರೆ ಪಶುವೈದ್ಯರು ನೋಡಿ ಒಪ್ಪಿದ ಮೇಲೆಯೇ ಹಾಕತಕ್ಕದ್ದು. ವರ್ಷಕ್ಕೊಮ್ಮೆ ಪರಿಶೀಲಿಸಿ, ತಪ್ಪಾದುದನ್ನು ತೆಗೆದುಹಾಕಬೇಕು.

5. ಒಕ್ಕೂಟದ ಆಂತರಿಕ ವೆಬ್‌ಸೈಟಿನಲ್ಲಿ ಇಡುವುದಾದರೆ ಮೂಲ ವಿಡಿಯೋ ಅಲ್ಲೊಂದೇ ಇರಲಿ. ಸಂಘಗಳಿಗೆ ಅದರ ಕೊಂಡಿಯನ್ನು ಮಾತ್ರ ಕಳುಹಿಸಿ. ಆಗ ಒಂದು ಕಡೆ ತಿದ್ದಿದರೆ ಎಲ್ಲರಿಗೂ ತಿದ್ದಿದ್ದೇ ಸಿಗುತ್ತದೆ.

6. ಚಿತ್ರೀಕರಣಕ್ಕೆ ಮೊದಲು ಸದಸ್ಯರ ಒಪ್ಪಿಗೆ ಪಡೆಯಿರಿ. ಯಾರದೇ ಹಾಲಿನ ಜಿಡ್ಡಿನ ಅಂಶ, ಪಾಸ್‌ಬುಕ್, ಬ್ಯಾಂಕಿನ ವಿವರ ತೋರಿಸಬಾರದು. ಒಬ್ಬರ ಹಾಲು ಒಡೆದುದನ್ನು ತೋರಿಸಿ ಪಾಠ ಹೇಳಿದರೆ ಅವರು ಮತ್ತೆ ಸಂಘದ ಮೆಟ್ಟಿಲು ಹತ್ತಲು ಹಿಂಜರಿದಾರು.

7. ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಿ. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ.

ಯಾರಿಗೆ ತಲುಪಬೇಕು?

ಅನೇಕ ಮನೆಗಳಲ್ಲಿ ಹಾಲು ಕರೆಯುವವರು, ಮೇವು ಹಾಕುವವರು ಹೆಣ್ಣುಮಕ್ಕಳು; ಫೋನು ಇರುವುದು ಮಾತ್ರ ಗಂಡಸರ ಜೇಬಿನಲ್ಲಿ. ವಿಡಿಯೋ ಕಳುಹಿಸಿದ ಮಾತ್ರಕ್ಕೆ ಪಾಠ ತಲುಪಿತೆಂದು ತಿಳಿಯಬಾರದು. ವಾರಕ್ಕೊಮ್ಮೆ ಸಂಜೆ ಹಾಲು ಹಾಕಲು ಬಂದಾಗ ಒಂದೇ ವಿಡಿಯೋವನ್ನು ಸಂಘದಲ್ಲಿ ತೋರಿಸಿ, ನಿಲ್ಲಿಸಿ, 'ಮುಂದೇನು ಮಾಡಬೇಕು?' ಎಂದು ಕೇಳಿ. ಸರಿಯಾದ ಉತ್ತರ ಬಂದರೆ ಪಾಠ ತಲುಪಿದಂತೆ.

ಅಭ್ಯಾಸ

ನಿಮ್ಮ ಸಂಘದ ಮೊಬೈಲ್ ಗುಂಪಿನಲ್ಲಿರುವ ವಿಡಿಯೋಗಳನ್ನು ಪಟ್ಟಿ ಮಾಡಿ. ಯಾವುದಕ್ಕೆ ಹೆಸರಿಲ್ಲ? ಯಾವುದು ಅರ್ಧವಾಗಿದೆ? ಯಾವುದನ್ನು ಪಶುವೈದ್ಯರು ನೋಡಿಲ್ಲ? ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ಪಟ್ಟಿಯನ್ನು ಮುಂದಿಡಿ. ಕೆಲಸ ಅಲ್ಲಿಂದಲೇ ಆರಂಭವಾಗಲಿ.